ನಂಬಿಕೆ ಇದ್ದವರಿಗೆ ಊರು ಬಿಡುವಾಗ ಭಯ ಆಗೋದಿಲ್ವಾ?

ಆಗುತ್ತದೆ. ಅಬ್ರಹಾಮನನ್ನೇ ನೋಡಿ. ಬೈಬಲಿನ ಆದಿಕಾಂಡ 12ನೇ ಅಧ್ಯಾಯದಲ್ಲಿ ದೇವರು ಅವನಿಗೆ, ದೇಶ, ಬಂಧುಬಳಗ, ತಂದೆಯ ಮನೆ ಎಲ್ಲ ಬಿಟ್ಟು ಹೊರಡು ಅನ್ನುತ್ತಾನೆ. ಎಲ್ಲಿಗೆ? ನಾನು ತೋರಿಸುವ ದೇಶಕ್ಕೆ, ಅಷ್ಟೇ. ಊರಿನ ಹೆಸರೂ ಇಲ್ಲ. ಆಗ ಅವನ ವಯಸ್ಸು 75! ಆದರೂ ಹೆಂಡತಿ, ಲೋಟ ಎಂಬ ಹೆಸರಿನ ಅಣ್ಣತಮ್ಮನ ಮಗ, ಕೂಡಿಸಿಟ್ಟ ಆಸ್ತಿ, ಆಳುಕಾಳು ಎಲ್ಲವನ್ನೂ ಕಟ್ಟಿಕೊಂಡು ತಾನಿದ್ದ ಹಾರಾನ್ ಊರಿನಿಂದ ಹೊರಟೇಬಿಟ್ಟ.

ದೇವರು ತೋರಿಸಿದ ಕಾನಾನ್ ದೇಶ ತಲುಪಿದರೆ ಅಲ್ಲಿ ಬರಗಾಲ. ಸರಿ, ಈಜಿಪ್ಟಿಗೆ ಇಳಿದ. ಅಲ್ಲಿ ಸುಂದರಿ ಹೆಂಡತಿಗಾಗಿ ತನ್ನನ್ನು ಕೊಂದಾರು ಅಂತ ಹೆದರಿ, 'ನೀನು ನನ್ನ ತಂಗಿ ಅಂತ ಹೇಳು' ಎಂದು ಅವಳಿಗೇ ಹೇಳಿಕೊಟ್ಟ. ಇದೆಂಥ ನಂಬಿಕೆ ಅನ್ನಿಸುತ್ತದೆ, ಅಲ್ವಾ? ಆದರೆ ಕಥೆ ಅವನ ಪುಕ್ಕಲುತನವನ್ನು ಮುಚ್ಚಿಟ್ಟಿಲ್ಲ. ನನಗೆ ಅದೇ ಜಾಸ್ತಿ ಇಷ್ಟ.