ಪ್ರಬಂಧದ ಹೊರಗಿನವರನ್ನು ಕೇಳಿ
ಇಲಿಗಳ ಮೇಲಿನ ಹೊಸ ಸಂಶೋಧನೆಯ ಸುದ್ದಿ ಬರೆಯುತ್ತಿದ್ದೇನೆ, ಅದಕ್ಕೆ ನಾಳೆ ಸಂಜೆಯವರೆಗೆ ಎಂಬಾರ್ಗೋ (ಅಲ್ಲಿಯವರೆಗೆ ಪ್ರಕಟಿಸಬಾರದು ಎಂಬ ನಿರ್ಬಂಧ) ಇದೆ, ಯಾರ ಅಭಿಪ್ರಾಯ ಕೇಳಲಿ ಅಂದಿದ್ದೀರಿ. ಸಂಶೋಧನಾ ಪ್ರಬಂಧ ಬರೆದ ವಿಜ್ಞಾನಿಗಳನ್ನಷ್ಟೇ ಕೇಳಿದರೆ ಸಾಲದು. ಹೆತ್ತವರಿಗೆ ಹೆಗ್ಗಣ ಮುದ್ದು, ಅಲ್ವಾ?

ಪ್ರಬಂಧದ ಕೊನೆಯ ಉಲ್ಲೇಖಗಳ ಪಟ್ಟಿ ನೋಡಿ. ಅದೇ ವಿಷಯದಲ್ಲಿ ಕೆಲಸ ಮಾಡಿದ, ಆದರೆ ಈ ತಂಡದಲ್ಲಿಲ್ಲದ ಇಬ್ಬರು ಮೂವರ ಹೆಸರು ಅಲ್ಲೇ ಸಿಗುತ್ತದೆ. ಎಂಬಾರ್ಗೋ ಪಾಲಿಸಲು ಅವರು ಒಪ್ಪಿದ ಮೇಲೆ ಪ್ರಬಂಧದ ಪಿಡಿಎಫ್ ಕಳಿಸಿ. ಸುಮ್ನೆ ‘ನಿಮ್ಮ ಅನಿಸಿಕೆ?’ ಅನ್ನಬೇಡಿ. ‘ಇದು ಮನುಷ್ಯರಿಗೆ ಎಷ್ಟು ಅನ್ವಯಿಸುತ್ತದೆ?’ ಅಂತ ಕೇಳಿ. ಎಷ್ಟು ಗಂಟೆಯೊಳಗೆ ಬೇಕು ಅಂತಲೂ ತಿಳಿಸಿ.

ಲಂಡನ್ನಿನ ಸೈನ್ಸ್ ಮೀಡಿಯಾ ಸೆಂಟರ್ 2002ರಿಂದ ಇದೇ ಕೆಲಸ ಮಾಡುತ್ತಿದೆ. ತಜ್ಞರ ಮಾತನ್ನು ಮೊದಲೇ ಸಂಗ್ರಹಿಸಿ, ಅವರ ಹಿತಾಸಕ್ತಿಗಳ ವಿವರದ ಜೊತೆ ಪತ್ರಕರ್ತರಿಗೆ ಕಳಿಸುತ್ತದೆ. ಯಾವುದಾದರೂ ಕಂಪನಿಯಿಂದ ದುಡ್ಡು ಬರುತ್ತಾ ಅಂತ ನೀವೂ ಕೇಳಿಬಿಡಿ, ಸಂಕೋಚ ಬೇಡ.