ಮಳೆಗಾಲದ ಬಟ್ಟೆ, ಜಾತ್ರೆಯ ಮಾತ್ರೆ: ಓದುಗರ ಪ್ರಶ್ನೆಗೆ ವೈದ್ಯರ ಉತ್ತರ

ಪ್ರಶ್ನೆ: ಮೇಡಂ, ನಮ್ಮದು ಹೊಸನಗರ ಕಡೆಯ ಹಳ್ಳಿ. ಮುಟ್ಟಿಗೆ ಹಳೇ ಸೀರೆಯ ಬಟ್ಟೆಯನ್ನೇ ಬಳಸುತ್ತೇನೆ. ಆರಿದ್ರಾ ಮಳೆ ಹಿಡಿಯಿತೆಂದರೆ ಏನೂ ಒಣಗುವುದಿಲ್ಲ. ಯಾರ ಕಣ್ಣಿಗೂ ಬೀಳಬಾರದೆಂದು ಕೊಟ್ಟಿಗೆಯ ಅಟ್ಟದಲ್ಲಿ ಬೇರೆ ಸೀರೆಯ ಅಡಿ ಹರಡುತ್ತೇನೆ. ಈಗ ತೊಡೆಸಂದಿಯಲ್ಲಿ ವಿಪರೀತ ತುರಿಕೆ. ಮೆಡಿಕಲ್ ಶಾಪಿನವರು ಕೊಟ್ಟ ಮುಲಾಮು ಹಚ್ಚಿದರೆ ಎರಡು ದಿನ ಕಡಿಮೆಯಾಗಿ ಮತ್ತೆ ಜಾಸ್ತಿಯಾಗುತ್ತದೆ.
– ಹೆಸರು ಬೇಡ

ಉತ್ತರ: ಮೊದಲು ಆ ಮುಲಾಮು ನಿಲ್ಲಿಸಿ. ಟ್ಯೂಬಿನ ಮೇಲೆ ಕ್ಲೋಬೆಟಾಸಾಲ್, ಬೀಟಾಮೆಥಾಸೋನ್ ಅಥವಾ ಬೆಕ್ಲೋಮೆಥಾಸೋನ್ ಎಂದು ಇದೆಯೇ ನೋಡಿ. ಇದ್ದರೆ ಅದರಲ್ಲಿ ಸ್ಟೀರಾಯ್ಡ್ ಬೆರೆತಿದೆ. ಅದು ತುರಿಕೆ ಅಡಗಿಸುತ್ತದೆ, ಶಿಲೀಂಧ್ರವನ್ನು ಕೊಲ್ಲುವುದಿಲ್ಲ. ಒಳಗೊಳಗೇ ಹಬ್ಬಲು ಬಿಡುತ್ತದೆ. ಅಂಚು ಕೆಂಪಾಗಿ ಉಬ್ಬಿ, ನಡುವೆ ತಿಳಿಯಾಗಿ, ಬಳೆಯ ಆಕಾರದಲ್ಲಿ ದೊಡ್ಡದಾಗುತ್ತಿದ್ದರೆ ಅದು ಹುಳುಕಡ್ಡಿಯೇ ಇರಬೇಕು. ವೈದ್ಯರಿಗೆ ತೋರಿಸಿ, ಹೇಳಿದಷ್ಟೂ ವಾರ ಔಷಧಿ ಹಚ್ಚಿ. ತುರಿಕೆ ನಿಂತ ದಿನವೇ ಬಿಟ್ಟರೆ ಮರುಕಳಿಸುತ್ತದೆ. ತುರಿಕೆ ಒಳಭಾಗದಲ್ಲಿದ್ದು, ಮೊಸರಿನ ಗಂಟಿನಂಥ ಬಿಳಿಸೆರಗು ಹೋಗುತ್ತಿದ್ದರೆ ಅದು ಬೇರೆ ಶಿಲೀಂಧ್ರ, ಔಷಧಿಯೂ ಬೇರೆ. ಪದೇ ಪದೇ ಬಂದರೆ ಸಕ್ಕರೆ ಕಾಯಿಲೆ ಇದೆಯೇ ಎಂದು ರಕ್ತ ಪರೀಕ್ಷೆ ಮಾಡಿಸಿ. ಹಸಿರು ಬಣ್ಣ, ಮೀನಿನ ವಾಸನೆ ಇದ್ದರೆ ಕಾಯುವುದೇ ಬೇಡ. ಅಂಥ ಕೆಲವು ಸೋಂಕಿಗೆ ಗಂಡನಿಗೂ ಮಾತ್ರೆ ಬೇಕಾಗುತ್ತದೆ.

ಬಟ್ಟೆ ಬಳಸುವುದು ತಪ್ಪಲ್ಲ. ತಪ್ಪಿರುವುದು ಆ ಅಟ್ಟದಲ್ಲಿ. ಕತ್ತಲು, ತೇವ, ಮೇಲೊಂದು ಸೀರೆ: ಶಿಲೀಂಧ್ರಕ್ಕೆ ಇನ್ನೇನು ಬೇಕು? ಬಟ್ಟೆಯನ್ನು ಮೊದಲು ತಣ್ಣೀರಿನಲ್ಲಿ ನೆನೆಸಿ ಹಿಂಡಿ. ಬಿಸಿನೀರಿಗೆ ಹಾಕಿದರೆ ರಕ್ತ ಹೆಪ್ಪುಗಟ್ಟಿ ಕಲೆ ಕೂತುಬಿಡುತ್ತದೆ. ಆಮೇಲೆ ಸಾಬೂನು. ನೊರೆ ಪೂರ್ತಿ ಹೋಗುವವರೆಗೂ ಜಾಲಿಸಿ, ಉಳಿದ ಸಾಬೂನೂ ಚರ್ಮ ಉರಿಸುತ್ತದೆ. ಡೆಟಾಲ್, ಫಿನೈಲ್ ಬೇಡ. ಮಳೆಗಾಲದಲ್ಲಿ ಹತ್ತು ನಿಮಿಷ ಕುದಿಸಿ, ಬಚ್ಚಲ ಒಲೆಯ ಮೇಲಿನ ಗಳಕ್ಕೆ ಒಂದೇ ಪದರವಾಗಿ ಹರಡಿ. ಕೊನೆಗೆ ಇಸ್ತ್ರಿ ಪೆಟ್ಟಿಗೆಯಿಂದ ಎರಡೂ ಮಗ್ಗಲು ಒತ್ತಿ. ಮಡಿಕೆ, ಹೊಲಿಗೆಯ ಜಾಗಗಳಲ್ಲೇ ತೇವ ಉಳಿಯುವುದು. ಬಿಸಿಯಾರಿದ ಮೇಲೆ ಕೆನ್ನೆಗೆ ಒತ್ತಿ ನೋಡಿ, ತಣ್ಣಗೆ ಹತ್ತಿದರೆ ಇನ್ನೂ ಒಣಗಿಲ್ಲ. ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿಡದೆ ಹತ್ತಿಯ ಚೀಲದಲ್ಲಿಡಿ. ಧರಿಸಿದ್ದನ್ನು ನಾಲ್ಕರಿಂದ ಆರು ಗಂಟೆಗೊಮ್ಮೆ ಬದಲಿಸಿ.

ಇಷ್ಟೆಲ್ಲ ಆಗದ ಮನೆಗೆ ಮುಟ್ಟಿನ ಕಪ್ (ಒಳಗಿಟ್ಟು ರಕ್ತ ಹಿಡಿಯುವ ಪುಟ್ಟ ಬಟ್ಟಲು) ಒಳ್ಳೆಯದು. ಒಣಗಿಸುವ ತಾಪತ್ರಯವೇ ಇಲ್ಲ. ಪ್ರತಿ ಮುಟ್ಟಿನ ಮೊದಲಿಗೂ ಕೊನೆಗೂ ಐದು ನಿಮಿಷ ಕುದಿಸಬೇಕು, ಹೆಚ್ಚೆಂದರೆ 12 ಗಂಟೆಯೊಳಗೆ ಖಾಲಿ ಮಾಡಬೇಕು. ತೆಗೆಯುವಾಗ ಬಾಲ ಹಿಡಿದು ಎಳೆಯಬೇಡಿ, ಬುಡವನ್ನು ಹಿಸುಕಿ ಗಾಳಿ ಬಿಡಿಸಿ. ಕಾಪರ್-ಟಿ ಹಾಕಿಸಿಕೊಂಡಿದ್ದರೆ ವೈದ್ಯರನ್ನು ಕೇಳಿಯೇ ಬಳಸಿ. ಎಳೆತಕ್ಕೆ ಅದೂ ಜಾರಬಹುದು.

ಪ್ರಶ್ನೆ: ಮದುವೆಯಾಗಿ ಒಂದು ವರ್ಷ. ನಮ್ಮವರು ಬೆಂಗಳೂರಿನಲ್ಲಿ, ನಾನು ಸಾಗರದಲ್ಲಿ ಅತ್ತೆ ಮನೆಯಲ್ಲಿ. ಅವರು ಬಂದಾಗಲೆಲ್ಲ ಐ-ಪಿಲ್ ತಗೊಳ್ತೀನಿ. ಈಗ ಮುಟ್ಟಿನ ಲೆಕ್ಕವೇ ತಪ್ಪಿದೆ.

ಉತ್ತರ: ಅದು ತುರ್ತು ಗರ್ಭನಿರೋಧಕ, ಲಿವೋನಾರ್ಜೆಸ್ಟ್ರೆಲ್ 1.5 ಮಿ.ಗ್ರಾಂ. ಅಂಡ ಬಿಡುಗಡೆಯಾಗುವುದನ್ನು ಮುಂದೂಡುವ ಮಾತ್ರೆ, ಗರ್ಭಪಾತದ್ದಲ್ಲ. ಲೈಂಗಿಕ ಸಂಪರ್ಕವಾದ 72 ಗಂಟೆಯೊಳಗೆ ನುಂಗಬೇಕು, ಎಷ್ಟು ಬೇಗನೋ ಅಷ್ಟು ಒಳ್ಳೆಯದು. ನುಂಗಿದ ಎರಡು ಗಂಟೆಯೊಳಗೆ ವಾಂತಿಯಾದರೆ ಇನ್ನೊಂದು ಬೇಕು. ಹೆಚ್ಚಿನವರು ಎಡವುವುದು ಇಲ್ಲಿ: ಶನಿವಾರ ನುಂಗಿದ ಮಾತ್ರೆ ಭಾನುವಾರ ರಾತ್ರಿಗೆ ಕಾವಲಲ್ಲ. ಮುಂದೂಡಿದ ಅಂಡ ಮರುದಿನಗಳಲ್ಲಿ ಬಂದೇ ಬರುತ್ತದೆ. ಮುಟ್ಟು ಏಳು ದಿನಕ್ಕಿಂತ ತಡವಾದರೆ ಮೂತ್ರ ಪರೀಕ್ಷೆ ಮಾಡಿಕೊಳ್ಳಿ.

ನಿಮ್ಮಂಥವರಿಗೆ ನಾವು ಸಾಮಾನ್ಯವಾಗಿ ಹೇಳುವುದು ಛಾಯಾ ಎಂಬ ಗರ್ಭನಿರೋಧಕ ಮಾತ್ರೆ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಉಚಿತ, ಆಶಾ ಕಾರ್ಯಕರ್ತೆಯ ಬಳಿಯೂ ಸಿಗುತ್ತದೆ, ಹಾರ್ಮೋನ್ ಮಾತ್ರೆಯಲ್ಲ. ಮುಟ್ಟಿನ ಮೊದಲ ದಿನ ಶುರು. ಅದು ಭಾನುವಾರವಾದರೆ ಮೂರು ತಿಂಗಳು ಪ್ರತಿ ಭಾನುವಾರ, ಬುಧವಾರ. ಆಮೇಲೆ ಬರೀ ಭಾನುವಾರ. ಮರೆತು ಏಳು ದಿನದೊಳಗೆ ನೆನಪಾದರೆ ತಕ್ಷಣ ನುಂಗಿ, ಮುಂದಿನ ಮುಟ್ಟಿನವರೆಗೆ ಕಾಂಡೋಮ್ ಬಳಸಿ. ಏಳು ದಿನ ದಾಟಿತೋ, ಮತ್ತೆ ವಾರಕ್ಕೆರಡರಿಂದಲೇ ಆರಂಭ. ಮುಟ್ಟು ಹಿಂದುಮುಂದಾಗುವುದು ಇದರಲ್ಲೂ ಉಂಟು, ಗಾಬರಿ ಬೇಡ. ಪಿಸಿಓಎಸ್ (ಅಂಡಾಶಯದಲ್ಲಿ ನೀರುಗುಳ್ಳೆಯ ತೊಂದರೆ) ಇರುವವರಿಗೆ, ಇತ್ತೀಚೆಗೆ ಕಾಮಾಲೆಯಾದವರಿಗೆ ಇದು ಆಗದು. ಒಂದು ವೇಳೆ ಗರ್ಭ ನಿಂತಿದ್ದು ನಿಮಗೆ ಬೇಡವಾದರೆ, 18 ದಾಟಿದ ಹೆಣ್ಣಿನ ಒಪ್ಪಿಗೆಯೊಂದೇ ಕಾನೂನಿಗೆ ಸಾಕು. ಗಂಡನ ಸಹಿ ತನ್ನಿ ಎಂದು ಕೇಳಿದರೆ ಅದು ಕಾನೂನಿನ ಮಾತಲ್ಲ.

ಪ್ರಶ್ನೆ: ಸಾಗರದ ಮಾರಿಕಾಂಬಾ ಜಾತ್ರೆಗೆ ಸರಿಯಾಗಿ ನನ್ನ 17 ವರ್ಷದ ಮಗಳ ತಾರೀಖು ಬರುತ್ತದೆ. ಮುಂದೂಡುವ ಮಾತ್ರೆ ಕೊಡಬಹುದೇ?

ಉತ್ತರ: ಸಾಗರದ ಜಾತ್ರೆ ಬರುವುದು ಮೂರು ವರ್ಷಕ್ಕೊಮ್ಮೆ. ಒಂದು ಸಲಕ್ಕೆ, ವೈದ್ಯರು ನೋಡಿ ಕೊಟ್ಟರೆ, ಆಗಬಹುದು. ನೊರೆಥಿಸ್ಟೆರೋನ್ 5 ಮಿ.ಗ್ರಾಂ. ಸಾಮಾನ್ಯವಾಗಿ ದಿನಕ್ಕೆ ಮೂರು ಹೊತ್ತು, ತಾರೀಖಿಗೆ ಮೂರು ದಿನ ಮೊದಲೇ ಶುರುವಾಗಬೇಕು. ಹಿಂದಿನ ದಿನ ನೆನಪಾಗಿ ನುಂಗಿಸಿದರೆ ರಕ್ತದ ಕಲೆ ಕಾಣಿಸಿಕೊಂಡು ಮಾತ್ರೆ, ಜಾತ್ರೆ ಎರಡೂ ಕೆಟ್ಟಂತೆ. ನಿಲ್ಲಿಸಿದ ಎರಡು-ಮೂರು ದಿನಕ್ಕೆ ಮುಟ್ಟಾಗುತ್ತದೆ. ಮನೆಯಲ್ಲಿ ಯಾರಿಗಾದರೂ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿದ್ದರೆ, ಮಗಳಿಗೆ ಕಣ್ಣು ಮಿಂಚುವಂಥ ಅರೆತಲೆನೋವು ಅಥವಾ ಲಿವರ್ ತೊಂದರೆ ಇದ್ದರೆ ಮೊದಲೇ ಹೇಳಿ. ಗೌರಿ ಹಬ್ಬ, ದೀಪಾವಳಿ, ಗೃಹಪ್ರವೇಶ ಎಂದು ವರ್ಷಕ್ಕೆ ನಾಲ್ಕು ಬಾರಿ ಕೊಡುವ ಮನೆಗಳಿವೆ. ಅದಕ್ಕೆ ನಮ್ಮ ಒಪ್ಪಿಗೆಯಿಲ್ಲ. ನುಂಗುವವಳು ಅವಳು, ಅವಳನ್ನೂ ಒಂದು ಮಾತು ಕೇಳಿ.

ಪ್ರಶ್ನೆ: ಒಂಬತ್ತನೇ ಕ್ಲಾಸಿನ ಮಗನ ಹಾಸಿಗೆ ಬೆಳಗ್ಗೆ ಒದ್ದೆಯಾಗಿರುತ್ತದೆ. ಧಾತು ಹೋಗಿ ಸೊರಗುತ್ತಾನೆ ಎನ್ನುತ್ತಾರೆ ನಮ್ಮ ಅತ್ತೆ.
– ತೀರ್ಥಹಳ್ಳಿ

ಉತ್ತರ: ಅದು ಸ್ವಪ್ನಸ್ಖಲನ. ಪ್ರಾಯಕ್ಕೆ ಬರುವ ಹುಡುಗರಲ್ಲಿ ಸಹಜ, ಶಕ್ತಿ ಹೋಗುವುದಿಲ್ಲ, ಮದ್ದೂ ಬೇಡ. ಬಸ್‌ಸ್ಟ್ಯಾಂಡ್ ಗೋಡೆಯ ಮೇಲೆ "ಇಂಥ ತಾರೀಖು ಇಂಥ ಲಾಡ್ಜಿನಲ್ಲಿ ಸಿಗುತ್ತಾರೆ" ಎಂಬ ಜಾಹೀರಾತಿನವರ ಬಳಿಗಂತೂ ಕರೆದೊಯ್ಯಬೇಡಿ. ಸ್ನಾನದಲ್ಲಿ ಮುಂದೊಗಲನ್ನು ನಿಧಾನವಾಗಿ, ಬಲವಂತವಿಲ್ಲದೆ ಹಿಂದೆ ಸರಿಸಿ ನೀರಿನಲ್ಲಿ ತೊಳೆದು ಮತ್ತೆ ಮುಂದಕ್ಕೆ ತರಲು ಅವನ ಅಪ್ಪ ಹೇಳಿಕೊಡಲಿ. ಮುಂದಕ್ಕೆ ಬಾರದೆ ಊದಿಕೊಂಡರೆ ತಕ್ಷಣ ಆಸ್ಪತ್ರೆಗೆ. ಇನ್ನೊಂದು, ನೀವು ಕೇಳಿಲ್ಲ, ಆದರೂ ಹೇಳುತ್ತೇವೆ: ಈ ವಯಸ್ಸಿನಲ್ಲಿ ಒಂದು ವೃಷಣಕ್ಕೆ ಇದ್ದಕ್ಕಿದ್ದಂತೆ ತೀವ್ರ ನೋವು, ವಾಂತಿ ಬಂದರೆ ಅದು ತಿರುಚಿಕೊಂಡಿರಬಹುದು. ಉಳಿಸಿಕೊಳ್ಳಲು ಸಿಗುವುದು ಸುಮಾರು ಆರು ಗಂಟೆ. ತೀರ್ಥಹಳ್ಳಿಯಿಂದ ಶಿವಮೊಗ್ಗ ಸುಮಾರು 60 ಕಿ.ಮೀ. ದೂರವಿದೆ. ನಾಚಿಕೊಂಡು ಬೆಳಗಾಗಲಿ ಎಂದು ಕಾಯಬಾರದೆಂದು ಹುಡುಗನಿಗೆ ಈಗಲೇ ಹೇಳಿಡಿ.