ನಲವತ್ತಮೂರು ತಡವಲ್ಲ, ಆದರೆ

ಹದಿನೆಂಟು ವರ್ಷದ ಲೆಕ್ಕಪತ್ರದ ಕೆಲಸ ಬಿಟ್ಟು ಎರಡು ವರ್ಷ ವಿದೇಶದಲ್ಲಿ ಸ್ವಯಂಸೇವೆ ಮಾಡಲೇ, ನಲವತ್ತಮೂರು ತಡವಾಯಿತೇ, ಏನೇನು ಕೊಂಡೊಯ್ಯಲಿ, ಆಮೇಲೆ ಕೆಲಸ ಸಿಗುತ್ತದೆಯೇ ಎಂದು ಕೇಳಿದ್ದೀರಿ. ‘ಅಕ್ಕ’ ಎಂದೂ ಕರೆದಿದ್ದೀರಿ. ಹಾಗಾಗಿ ಸ್ವಲ್ಪ ಗದರಿಸುವ ಹಕ್ಕು ನನಗೆ ಬಂತು ಎಂದುಕೊಳ್ಳುತ್ತೇನೆ.

ವಯಸ್ಸಿನ ಚಿಂತೆ ಬಿಡಿ. 1958ರಲ್ಲಿ ಬ್ರಿಟನ್ನಿನ ವಿಎಸ್‌ಒ ಎಂಬ ಸ್ವಯಂಸೇವಾ ಸಂಸ್ಥೆ ಶುರುವಾದಾಗ ಹೊರಟವರು ಆಗಷ್ಟೇ ಶಾಲೆ ಮುಗಿಸಿದ ಹುಡುಗರು. ಈಗ ಇಂಥ ಸಂಸ್ಥೆಗಳು ಹುಡುಕುವುದು ಕೆಲಸದಲ್ಲಿ ಪಳಗಿದವರನ್ನು. ವಿಶ್ವಸಂಸ್ಥೆಯ ಸ್ವಯಂಸೇವಕ ಯೋಜನೆಯ ತಜ್ಞರ ವರ್ಗಕ್ಕೆ ಕನಿಷ್ಠ ವಯಸ್ಸೇ 35, ಅನುಭವ 15 ವರ್ಷ. ಪೀಸ್ ಕೋರ್ ಹೆಸರು ಬರೆದಿದ್ದೀರಿ. ಅದು ಅಮೆರಿಕ ಸರ್ಕಾರದ ಸ್ವಯಂಸೇವಾ ಯೋಜನೆ, ಅಲ್ಲಿನ ಪ್ರಜೆಗಳಿಗೆ ಮಾತ್ರ. ನೀವೇ ದುಡ್ಡು ಕಟ್ಟಿ ಎರಡು ವಾರ ಇದ್ದು ಬರುವ ಪ್ಯಾಕೇಜುಗಳನ್ನು ಪ್ರವಾಸ ಎಂದೇ ಕರೆಯಿರಿ.

ಸಿಗುವುದು ಸಂಬಳವಲ್ಲ, ಜೀವನ ಭತ್ಯೆ. ನಿಮ್ಮೊಬ್ಬರ ಊಟ, ಬಸ್ಸಿಗೆ ಸಾಕು. ಮನೆಸಾಲದ ಕಂತಿಗೆ ಸಾಲದು. ಸಾಲ ತೀರದೆ ಹೊರಡಬೇಡಿ. ನೆಂಟರು ಏನೆನ್ನುತ್ತಾರೆ ಎಂಬುದನ್ನು ನಾನು ಬಿಡಿಸಿ ಹೇಳಬೇಕಿಲ್ಲ. ಹಳದಿ ಜ್ವರದ ಲಸಿಕೆ ಕೇಳುವ ದೇಶವಾದರೆ ಕನಿಷ್ಠ 10 ದಿನ ಮೊದಲೇ ಹಾಕಿಸಿಕೊಳ್ಳಿ. ಹಾಕಿಸಿಕೊಂಡು ಹತ್ತು ದಿನ ಕಳೆಯುವವರೆಗೆ ಅದರ ಪ್ರಮಾಣಪತ್ರ ಸಿಂಧುವಾಗುವುದಿಲ್ಲ. ನಾನು ಒಂಬತ್ತನೇ ದಿನ ವಿಮಾನ ಇಳಿದಿದ್ದೆ. ಆ ಕಥೆ ಈಗ ಬೇಡ. ಸಾಮಾನು ಎಂದರೆ ಓದುವ ಕನ್ನಡಕ ಎರಡು ಇರಲಿ, ಉಳಿದದ್ದು ಎಲ್ಲಿ ಹೋದರೂ ಸಿಗುತ್ತದೆ.

ನೀವು ಕೇಳದೆ ಬಿಟ್ಟದ್ದೊಂದಿದೆ. ನಲವತ್ತೈದನೇ ವಯಸ್ಸಿನಲ್ಲಿ ನಾನು ಹೋದದ್ದು ಪೂರ್ವ ಆಫ್ರಿಕಾದ ಒಂದು ಜಿಲ್ಲಾ ಆಸ್ಪತ್ರೆಯ ಔಷಧ ಉಗ್ರಾಣಕ್ಕೆ. ಇಪ್ಪತ್ತು ವರ್ಷ ಗೋದಾಮು ಆಳಿದವಳೆಂಬ ಬಿಂಕ ಬೇರೆ. ಉಗ್ರಾಣ ನೋಡಿಕೊಳ್ಳುತ್ತಿದ್ದವರು ನನಗಿಂತ ಹಿರಿಯರು. ಅವರ ಬಳಿ ಒಂದು ದಪ್ಪ ಪುಸ್ತಕವಿತ್ತು, ಕಿತ್ತುಬಂದ ಬೆನ್ನಿಗೆ ಆಸ್ಪತ್ರೆಯದೇ ಪ್ಲಾಸ್ಟರ್ ಅಂಟಿಸಿದ್ದು. ಬಂದದ್ದು, ಹೋದದ್ದು ನೀಲಿ ಶಾಯಿಯಲ್ಲಿ. ಅವಧಿ ಮುಗಿಯಲು ಬಂದದ್ದು ಕೆಂಪಿನಲ್ಲಿ. ಯಾವುದರ ಅವಧಿ ಮೊದಲು ಮುಗಿಯುತ್ತದೋ ಅದೇ ಮೊದಲು ಹೊರಗೆ ಹೋಗಬೇಕು ಎಂದು ನಾನು ಮೊದಲ ದಿನವೇ ಅವರಿಗೆ ಪಾಠ ಹೇಳಿದೆ. ಅವರು ತಲೆಯಾಡಿಸಿದರು. ಆ ಕೆಂಪು ಸಾಲುಗಳಿದ್ದದ್ದೇ ಅದಕ್ಕೆ ಎಂದು ನನಗೆ ಹೊಳೆಯಲಿಲ್ಲ.

ಎರಡೇ ತಿಂಗಳಲ್ಲಿ ಎಲ್ಲವನ್ನೂ ಕಂಪ್ಯೂಟರಿಗೆ ಏರಿಸಿದೆ. ವರದಿ ಮೇಲೆ ಹೋಯಿತು, ಶಹಬಾಸ್ ಕೆಳಗೆ ಬಂತು. ಅವರಿಗೆ ಕಲಿಸಲು ಕುಳಿತಾಗಲೆಲ್ಲ ನಿಧಾನವೆನಿಸಿ ಮೌಸನ್ನು ಅವರ ಕೈಯಿಂದ ನಾನೇ ತೆಗೆದುಕೊಳ್ಳುತ್ತಿದ್ದೆ. ಒಂದು ಸಂಜೆ ಅವರು ಪುಸ್ತಕ ಮುಚ್ಚಿ ಕಪಾಟಿನ ಮೇಲಿಟ್ಟರು. ಗೆದ್ದೆ ಎಂದುಕೊಂಡೆ.

ನನ್ನ ಸೇವೆಯ ಅವಧಿ ಮುಗಿದ ಮೇಲೆ ಇದೇ ದೇಶದ ಇನ್ನೊಂದು ಊರಿನಲ್ಲಿ ಕೆಲಸ ಸಿಕ್ಕಿ ಉಳಿದೆ. ಮೂರು ವರ್ಷದ ನಂತರ ಆ ದಾರಿಯಲ್ಲಿ ಹೋಗುವಾಗ ಆಸ್ಪತ್ರೆಯ ಮುಂದೆ ಇಳಿದೆ. ಕಂಪ್ಯೂಟರಿಗೆ ಬಟ್ಟೆ ಹೊದಿಸಿದ್ದರು, ಕೆಟ್ಟು ವರ್ಷವಾಗಿತ್ತಂತೆ. ಅವರು ನಿವೃತ್ತರಾಗಿದ್ದರು. ಹೊಸದಾಗಿ ಬಂದ ಹುಡುಗ ಧೂಳು ಕೊಡವಿ ಪುಸ್ತಕ ಕೊಟ್ಟ. ನಾನು ಬಂದ ಎರಡನೇ ತಿಂಗಳಿನವರೆಗೆ ಒತ್ತಾಗಿ ತುಂಬಿದ ಅಂಕಣಗಳು. ಆಮೇಲಿನ ಪುಟಗಳು ಖಾಲಿ. ಖಾಲಿ ಎಂದರೆ ಪೂರ್ತಿ ಖಾಲಿಯಲ್ಲ: ವರ್ಷದ ಕೊನೆಯವರೆಗೂ ಅಡಿಪಟ್ಟಿ ಹಿಡಿದು ಗೆರೆ ಎಳೆದು, ತಿಂಗಳ ಹೆಸರು ಬರೆದು ಸಿದ್ಧಮಾಡಿಟ್ಟಿದ್ದರು. ಅವರ ಮನೆ ಎಲ್ಲಿ ಎಂದು ಆ ಹುಡುಗನನ್ನು ಕೇಳಿದೆ, ಅವನು ದಾರಿಯನ್ನೂ ಹೇಳಿದ. ನಾನು ಹೋಗಲಿಲ್ಲ.

ಆದ್ದರಿಂದ ಸಂದರ್ಶನದಲ್ಲಿ ಭತ್ಯೆ ಕೇಳುವ ಮೊದಲು ಇದನ್ನು ಕೇಳಿ: ಈ ಕೆಲಸವನ್ನು ಈಗ ಅಲ್ಲಿ ಯಾರು ಮಾಡುತ್ತಿದ್ದಾರೆ? ನಾನು ಹೊರಟ ಮೇಲೆ ಯಾರು ಮಾಡುತ್ತಾರೆ? ಅವರಿಗೆ ಒಬ್ಬರ ಹೆಸರೂ ನೆನಪಾಗದಿದ್ದರೆ ಬೇರೆ ಕಡೆ ಅರ್ಜಿ ಹಾಕಿ. ಹೋದ ಮೇಲೆ ಮೂರು ತಿಂಗಳು ಅಲ್ಲಿನ ಭಾಷೆ ಕಲಿಯಿರಿ, ಅವರ ಪುಸ್ತಕ ಓದಿ, ಕೈ ಕಟ್ಟಿಕೊಂಡಿರಿ.

ಆಮೇಲಿನ ಕೆಲಸದ ಮಾತು: ನನಗೆ ಸಿಕ್ಕಿದ್ದು ಹಳೆಯ ಹುದ್ದೆಗಿಂತ ಎರಡು ಮೆಟ್ಟಿಲು ಕೆಳಗಿನದು. ಅಷ್ಟೇ ಹೇಳಬಲ್ಲೆ.

ಯಾವ ದೇಶ ಸಿಕ್ಕಿತೆಂದು ತಿಳಿಸಿ. ಕನ್ನಡದಲ್ಲೇ ಬರೆಯಿರಿ, ಇಲ್ಲಿ ಆ ಭಾಷೆಯಲ್ಲಿ ನನ್ನನ್ನು ಬೈಯುವವರೂ ಇಲ್ಲ.